ಮೂರು ತುಂಬುವವರೆಗೆ ಯಾರ ಕಂಕುಳಲ್ಲಿ?

ಬೆಳ್ಳಾರೆಯ ಆಸುಪಾಸಿನಲ್ಲಿ ಮಗುವಿಗೆ ಮೂರು ವರ್ಷ ತುಂಬಿತೆಂದರೆ ಮನೆಯವರ ಚಿಂತೆ ಅರ್ಧ ಇಳಿದ ಹಾಗೆ. ಅಂಗನವಾಡಿ ಇದೆ. ಸ್ವಲ್ಪ ಅನುಕೂಲವಿದ್ದವರಿಗೆ ಸುಳ್ಯ, ಪುತ್ತೂರು, ಕಡಬದ ಕಡೆಯ ಖಾಸಗಿ ಶಾಲೆಗಳ ಎಲ್‌ಕೆಜಿ, ಯುಕೆಜಿಗಳಿವೆ. ಪೇಚಾಟವೆಲ್ಲ ಅದಕ್ಕೂ ಹಿಂದಿನ ಎರಡೂವರೆ ವರ್ಷದ್ದು. ಹೆರಿಗೆ ರಜೆ ಮುಗಿಸಿದ ನರ್ಸ್, ಸಹಕಾರಿ ಸಂಘದ ಕೌಂಟರಿನಲ್ಲಿ ಕೂರುವವಳು, ಬಟ್ಟೆ ಅಂಗಡಿಯ ಸೇಲ್ಸ್‌ಗರ್ಲ್, ಅಡಿಕೆ ಹೆಕ್ಕಲು ಹೋಗುವ ಹೆಂಗಸು: ಇವರ ಏಳು ತಿಂಗಳ ಕೂಸನ್ನು ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನೋಡಿಕೊಳ್ಳುವವರು ಯಾರು?

‘ಅಜ್ಜಿ ಇದ್ದಾರಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಆದರೆ ನಮ್ಮ ಕಡೆಯ ಎಷ್ಟೋ ಅಜ್ಜಿಯರಿಗೆ ಇನ್ನೂ ಐವತ್ತು ದಾಟಿಲ್ಲ. ಅವರ ಪಾಲಿಗೆ ದನ ಇದೆ, ಅಂಗಳದ ಅಡಿಕೆ ಇದೆ, ತೊಡೆಯ ಮೇಲೆ ಬೀಡಿಯ ತಡಪೆ ಇದೆ. ಮಗು ಅವರ ಜೊತೆ ಇರುತ್ತದೆ ಎಂಬುದು ನಿಜ. ಅವರು ಮಗುವಿನ ಜೊತೆ ಎಷ್ಟು ಹೊತ್ತು ಇರಬಲ್ಲರು ಎಂಬುದು ಬೇರೆಯೇ ಪ್ರಶ್ನೆ. ಹೊಗೆಸೊಪ್ಪಿನ ಪುಡಿ ಹಾರುವಲ್ಲಿ ಕೂಸು ಅಂಬೆಗಾಲಿಡುವುದನ್ನು ಆರೈಕೆ ಎನ್ನುವುದು ಕಷ್ಟ.

ಸರಕಾರದ ಲೆಕ್ಕದಲ್ಲೂ ಈ ವಯಸ್ಸು ಸಂದಿಯಲ್ಲಿ ಬಿದ್ದಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿಂದ ಅಂಗನವಾಡಿ ಹಳ್ಳಿ ಹಳ್ಳಿಗೆ ಬಂತು. ಆದರೆ ಅಲ್ಲಿ ದಿನವಿಡೀ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರ ತೂಕ ನೋಡುತ್ತಾರೆ, ಚುಚ್ಚುಮದ್ದಿನ ದಿನ ನೆನಪಿಸುತ್ತಾರೆ, ಪೌಷ್ಟಿಕ ಆಹಾರದ ಪೊಟ್ಟಣ ಕೊಡುತ್ತಾರೆ. ಕೂಸಿನ ಪಾಲಿನ ಆಹಾರ ಮನೆಗೆ ಬರುತ್ತದೆ. ಕೂಸು ಅಂಗನವಾಡಿಗೆ ಹೋಗುವುದಿಲ್ಲ. ಇದಕ್ಕೆ ಟೀಚರನ್ನು ದೂರಿ ಫಲವಿಲ್ಲ. ಒಬ್ಬ ಟೀಚರ್, ಒಬ್ಬ ಸಹಾಯಕಿ ಅಡುಗೆ, ದಾಖಲೆ, ಮೊಬೈಲಿನ ಪೋಷಣ್ ಟ್ರ್ಯಾಕರ್ ಎಲ್ಲವನ್ನೂ ಮುಗಿಸಿ ಎಂಟು ತಿಂಗಳ ಮಗುವನ್ನೂ ಎತ್ತಿಕೊಳ್ಳಲಿ ಎನ್ನುವುದು ನ್ಯಾಯವಲ್ಲ.

ಈ ಸಂದಿಯನ್ನು ತುಂಬಲೆಂದೇ 2023ರಲ್ಲಿ ರಾಜ್ಯ ಸರಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಹೆಸರು ಚೆನ್ನಾಗಿದೆ, ಉದ್ದೇಶವೂ ಸರಿ: ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ಊರಿನ ತರಬೇತಾದ ಹೆಂಗಸರೇ ನೋಡಿಕೊಳ್ಳುವುದು. ಆದರೆ ನಮ್ಮ ಕಡೆ ಉದ್ಯೋಗ ಖಾತರಿ ಎಂದರೆ ಹೆಚ್ಚಾಗಿ ಸ್ವಂತ ಜಾಗದ ಬಾವಿ, ಇಂಗುಗುಂಡಿ, ಅಡಿಕೆ ಸಸಿಯ ಗುಂಡಿ. ಕೆರೆ ಹೂಳೆತ್ತಲು ನೂರು ಜನ ಸಾಲುಗಟ್ಟುವ ಬಯಲುಸೀಮೆಯ ಚಿತ್ರ ಇಲ್ಲಿಯದಲ್ಲ. ನಮ್ಮ ಹೆಂಗಸರು ದುಡಿಯುವುದು ಇನ್ನೊಬ್ಬರ ತೋಟದಲ್ಲಿ, ಪೇಟೆಯ ಅಂಗಡಿಯಲ್ಲಿ. ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದ್ದರೆ ಪಿಡಿಒ ಅವರಲ್ಲಿ ಮೊದಲು ವಿಚಾರಿಸಬೇಕಾದ್ದು ಎರಡು: ಜಾಬ್ ಕಾರ್ಡ್ ಇಲ್ಲದವರ ಮಗುವನ್ನು ಸೇರಿಸಿಕೊಳ್ಳುತ್ತಾರೆಯೇ, ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತಾರೆ.

ಗಂಟೆಯ ಪ್ರಶ್ನೆ ರಬ್ಬರ್ ತೋಟದವರಿಗೆ ಚೆನ್ನಾಗಿ ಗೊತ್ತು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ–ಪುತ್ತೂರಿನಲ್ಲಿ ನೆಲೆ ಸಿಕ್ಕಿದ್ದು ರಬ್ಬರ್ ತೋಟಗಳಲ್ಲಿ. ಆ ತೋಟಗಳೀಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದವು. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುವುದರಿಂದ ಟ್ಯಾಪಿಂಗ್ ನಸುಕಿಗೇ ಶುರು. ಆಗ ಕೂಸು ನಿದ್ದೆಯಲ್ಲಿರುತ್ತದೆ. ಒಂಬತ್ತೂವರೆಗೆ ತೆರೆಯುವ ಶಿಶುಕೇಂದ್ರ ಆ ತಾಯಿಗೆ ಇದ್ದೂ ಇಲ್ಲದ ಹಾಗೆ. 1951ರ ತೋಟ ಕಾರ್ಮಿಕರ ಕಾಯ್ದೆ 50 ಮತ್ತು ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಲೇಬೇಕೆಂದು ಹೇಳಿತ್ತು. ಅದರ ಪಟ್ಟಿಯಲ್ಲಿ ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ಇದ್ದವು. ಅಡಿಕೆ ಇರಲಿಲ್ಲ! ಇದ್ದಿದ್ದರೂ ನಮ್ಮ ಎರಡು–ಮೂರು ಎಕರೆ ತೋಟಗಳಿಗೆ ಅದು ತಾಗುತ್ತಿರಲಿಲ್ಲ ಎನ್ನಿ. ಆಸ್ಪತ್ರೆ, ಕಾಲೇಜಿನಂಥ ದೊಡ್ಡ ಸಂಸ್ಥೆಗಳಲ್ಲಿ ಇರುವವರು ಮಾತ್ರ ನೆನಪಿಡಬೇಕು: 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 26 ವಾರದ ರಜೆಯ ಜೊತೆಗೆ, 50 ಸಿಬ್ಬಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರವನ್ನೂ ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರುವ ಹಕ್ಕನ್ನೂ ಕೊಟ್ಟಿತು. ರಜೆಯ ವಿಷಯ ಎಲ್ಲರಿಗೂ ಗೊತ್ತು. ಎರಡನೆಯದನ್ನು ಕೇಳುವವರು ಕಡಿಮೆ.

ಇನ್ನು ಪೇಟೆಯ ಖಾಸಗಿ ಕೇಂದ್ರವನ್ನೋ ಪಕ್ಕದ ಮನೆಯ ಅಕ್ಕನನ್ನೋ ನೋಡಲು ಹೊರಟಿದ್ದೀರಿ ಎನ್ನೋಣ. ಗೋಡೆಯ ಮಿಕ್ಕಿ ಮೌಸ್, ಸಿಸಿಟಿವಿ, ಪ್ಲಾಸ್ಟಿಕ್ ಜಾರುಬಂಡಿ ಕಣ್ಣಿಗೆ ಬೀಳುತ್ತವೆ. ಹತ್ತು ತಿಂಗಳ ಮಗುವಿಗೆ ಅವು ಯಾವುದರಿಂದಲೂ ಏನೂ ಆಗಬೇಕಿಲ್ಲ. ಅದಕ್ಕೆ ಬೇಕಾದದ್ದು ನಿನ್ನೆ ಎತ್ತಿಕೊಂಡವಳೇ ಇವತ್ತೂ ಎತ್ತಿಕೊಳ್ಳುವುದು. ಹಂಗೇರಿಯ ವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಶಿಶುಗೃಹವೊಂದನ್ನು ಕಟ್ಟಿದರು. ಪ್ರತಿ ಮಗುವಿಗೂ ತನ್ನದೇ ಎನ್ನುವ ಒಬ್ಬ ಪಾಲಕಿ. ಸ್ನಾನ, ಊಟ, ಬಟ್ಟೆ ಬದಲಿಸುವುದು ಯಾವುದರಲ್ಲೂ ಅವಸರವಿಲ್ಲ, ಪ್ರತಿಯೊಂದನ್ನೂ ಮಗುವಿಗೆ ಹೇಳಿಯೇ ಮಾಡುವುದು. ಅಲ್ಲಿ ಕಲಿಕೆಯೆಂದರೆ ಹೆಚ್ಚೂಕಡಿಮೆ ಅದೇ. ನಮ್ಮ ಬಾಣಂತಿ ಕೋಣೆಗಳಲ್ಲಿ ಕೂಸನ್ನು ತಿಕ್ಕಿ ತೊಳೆದು, ಅದು ಅತ್ತಷ್ಟೂ ಒಳ್ಳೆಯದೆನ್ನುವ ಹಿರಿಯರಿಗೆ ಇದು ರುಚಿಸಲಿಕ್ಕಿಲ್ಲ.

ಒಬ್ಬಳ ಕೈಯಲ್ಲಿ ಎಷ್ಟು ಕೂಸುಗಳು ಎಂದು ಎಣಿಸುವುದೇ ಮೊದಲ ಪರೀಕ್ಷೆ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರಿರಬೇಕು. ಅಮೆರಿಕದಲ್ಲಿ ಶಿಶುಕೇಂದ್ರಗಳಿಗೆ ಮಾನ್ಯತೆ ಕೊಡುವ ಪ್ರಮುಖ ಸಂಸ್ಥೆಯ ಮಿತಿ ನಾಲ್ಕು. ನಮ್ಮ ರಾಷ್ಟ್ರೀಯ ಶಿಶುಪಾಲನಾ ಯೋಜನೆ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಎಂದಿತು. ಬೆಳ್ಳಾರೆಯಲ್ಲಿ ಕೂತು ಇಂಗ್ಲೆಂಡಿನ ಲೆಕ್ಕ ಹಿಡಿಯುವುದು ಆಗದ ಮಾತು. ಆದರೂ ನಡೆಯಲು ಬಾರದ ನಾಲ್ಕಕ್ಕಿಂತ ಹೆಚ್ಚು ಕೂಸುಗಳನ್ನು ಒಬ್ಬಳೇ ನೋಡಿಕೊಳ್ಳುವ ಕಡೆ ನಾನಂತೂ ಬಿಡಲಾರೆ. ಬೆಂಕಿ ಬಿದ್ದರೆ ಎಷ್ಟನ್ನು ಎತ್ತಿಕೊಂಡು ಓಡಬಲ್ಲಳು? ಎರಡನ್ನು.

ಆಮೇಲೆ ಜಾಗ. ನಗರದವರು ಬರೆದ ಪಟ್ಟಿಗಳಲ್ಲಿ ಮೆಟ್ಟಿಲಿನ ಗೇಟು, ಪ್ಲಗ್‌ಪಾಯಿಂಟ್ ಇರುತ್ತವೆ. ನಮ್ಮ ಅಪಾಯಗಳೇ ಬೇರೆ. ಕಟ್ಟೆಯಿಲ್ಲದ ಬಾವಿ, ತೋಟದ ಕೆರೆ, ಸ್ಪ್ರಿಂಕ್ಲರಿನ ಟ್ಯಾಂಕು, ಮಳೆಗಾಲದಲ್ಲಿ ತುಂಬಿದ ಇಂಗುಗುಂಡಿ. ಬೋರ್ಡೊಗೆ ತಂದ ಮೈಲುತುತ್ತು. ರಬ್ಬರ್ ಶೀಟು ಮಾಡಲು ಹಳೆಯ ನೀರಿನ ಬಾಟಲಿಗೆ ಸುರಿದಿಟ್ಟ ಆಸಿಡ್. ಎಲೆಯಡಿಕೆ ತಟ್ಟೆಯ ಸುಣ್ಣದ ಡಬ್ಬಿಯೂ ಸಣ್ಣದಲ್ಲ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಉಸಿರು ಕಟ್ಟಿಸುವ ವಸ್ತುಗಳೂ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತವೆ: ಅಂಗಳದಲ್ಲಿ ಅಡಿಕೆ, ಬೇಸಿಗೆಗೆ ಹಲಸಿನ ಬೀಜ, ಮಳೆಗೆ ರಂಬುಟಾನ್ ಬೀಜ. ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರ ಹಿತ್ತಿಲು, ಶೆಡ್ಡು ನೋಡದೆ ಜಗಲಿಯಿಂದಲೇ ಮರಳಬಾರದು. ಸಂಕೋಚ ಬೇಡ.

ಹೋಗುವುದಾದರೆ ಹೇಳದೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋಗಿ. ಕೂಸುಗಳಿಗೆ ಒಟ್ಟಿಗೆ ಹಸಿವೆ, ನಿದ್ದೆ, ಅಳು ಬರುವ ಸಮಯ ಅದು. ಗಂಜಿ ತಿನ್ನಿಸುವಾಗ ಮಗುವಿನ ಮುಖ ನೋಡುತ್ತಾರೋ ಟಿವಿ ನೋಡುತ್ತಾರೋ, ಮಲಗಿಸುವಾಗ ಬೆನ್ನ ಮೇಲೆ ಮಲಗಿಸುತ್ತಾರೋ ಅಲ್ಲೇ ತಿಳಿಯುತ್ತದೆ. ಹಿಂಡಿಟ್ಟ ಎದೆಹಾಲು 25 ಡಿಗ್ರಿಯೊಳಗೆ ನಾಲ್ಕು ಗಂಟೆ ಕೆಡುವುದಿಲ್ಲ ಎಂಬ ಲೆಕ್ಕ ನಮ್ಮ ಏಪ್ರಿಲಿಗೆ ನಡೆಯದು. ಫ್ರಿಜ್ ಇದೆಯೇ, ಕರೆಂಟು ಹೋದರೆ ಏನು ಮಾಡುತ್ತಾರೆ ಎಂದು ಕೇಳಲೇಬೇಕು. ಅವರೂ ನಿಮ್ಮನ್ನು ಕೇಳಬೇಕು. ತಾಯಿ ಕಾರ್ಡ್ ತೋರಿಸಿ, ಚುಚ್ಚುಮದ್ದು ಎಲ್ಲಿಗೆ ಬಂತು, ಸಂಜೆ ಮಗುವನ್ನು ಒಯ್ಯುವವರು ಯಾರು ಯಾರು ಎಂದು ಕೇಳದೆ ಅಡ್ವಾನ್ಸ್ ತೆಗೆದುಕೊಳ್ಳುವವರ ಬಗ್ಗೆ ನನಗೆ ಅನುಮಾನ.

ಕಲಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರಲ್ಲಿ ಕೇಂದ್ರ ಸರಕಾರ ಹುಟ್ಟಿನಿಂದ ಮೂರು ವರ್ಷದವರಿಗಾಗಿ ‘ನವಚೇತನ’ ಎಂಬ ಚೌಕಟ್ಟು ಹೊರಡಿಸಿತು. 36 ತಿಂಗಳಿಗೆ 140 ಚಟುವಟಿಕೆಗಳು. ಮಾತಾಡಿಸುವುದು, ಹಾಡುವುದು, ಆಡಿಸುವುದು. ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹಾಗಾಗಿ ಮೊಬೈಲಿನಲ್ಲಿ ಇಂಗ್ಲಿಷ್ ರೈಮ್ಸ್ ಹಾಕುವ ಕೇಂದ್ರಕ್ಕಿಂತ, ತುಳುವಿನಲ್ಲೋ ಅರೆಭಾಷೆಯಲ್ಲೋ ಬ್ಯಾರಿಯಲ್ಲೋ ದಿನವಿಡೀ ಹರಟುವ ಹೆಂಗಸು ಮೇಲು. ಮನೆಮಾತು ಯಾವುದೇ ಇರಲಿ, ಮಗುವಿನ ‘ಅಂ’, ‘ಊಂ’ಗೆ ಉತ್ತರ ಕೊಡುವವರು ಬೇಕು.

ಫೀಸಿನ ಚೌಕಾಸಿ ಮಾಡುವ ಮೊದಲು ಅಲ್ಲಿಯ ಆಯಾಗೆ ಸಂಬಳ ಎಷ್ಟು, ಅವಳು ಬಂದು ಎಷ್ಟು ಸಮಯವಾಯಿತು ಎಂದು ವಿಚಾರಿಸಿ. ಆರು ತಿಂಗಳಿಗೊಬ್ಬರು ಬದಲಾಗುವ ಕಡೆ ನಿಮ್ಮ ಕೂಸು ಪ್ರತಿ ಸಲವೂ ಹೊಸಬರ ಕಂಕುಳಿಗೆ ಒಗ್ಗಿಕೊಳ್ಳಬೇಕಾಗುತ್ತದೆ. ಸೇರಿಸುವುದು ಎಂದು ತೀರ್ಮಾನವಾದರೆ ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ಶುರು ಮಾಡಿ. ಮೊದಲು ಅಮ್ಮನೂ ಜೊತೆಗೆ ಕೂತು ಒಂದು ಗಂಟೆ. ಆಮೇಲೆ ಅಮ್ಮ ‘ಹೋಗಿ ಬರುತ್ತೇನೆ’ ಎಂದು ಹೇಳಿಯೇ ಹೊರಟು ಅರ್ಧ ದಿನ. ಕಣ್ಣು ತಪ್ಪಿಸಿ ಓಡುವುದು ಬೇಡ. ಎಂಟು–ಒಂಬತ್ತು ತಿಂಗಳ ಹೊತ್ತಿಗೆ ಹೊಸಬರನ್ನು ಕಂಡರೆ ಮಗು ಗಟ್ಟಿಯಾಗಿ ಅಳುತ್ತದೆ, ಅದು ವಯಸ್ಸಿನ ಗುಣ. ಅಮ್ಮ ಹೋದ ಮೇಲೆ ಅಳು ನಿಲ್ಲಲು ಎಷ್ಟು ಹೊತ್ತಾಯಿತು ಎಂದು ಸಂಜೆ ಆಯಾಳನ್ನು ಕೇಳಿ. ನಿಮಿಷದ ಲೆಕ್ಕದಲ್ಲಿ ಹೇಳಬಲ್ಲಳಾದರೆ ಮರುದಿನವೂ ಕಳಿಸಿ.