ತೆಳು ಹಲಗೆಯಲ್ಲಿ ಮಂದ್ರ ಷಡ್ಜ

ಸಂಗೀತ ಪಾಠ ನಡೆಯುವ ಎಷ್ಟೋ ಮನೆಗಳಲ್ಲಿ ಈಗ ತಂಬೂರಿ ಗೋಡೆಗೊರಗಿ ನಿಂತಿರುತ್ತದೆ, ಶ್ರುತಿ ಹಿಡಿಯುವ ಕೆಲಸ ಟ್ಯಾಬ್ಲೆಟ್ಟಿನದು. ಆ್ಯಪ್ ತೆರೆದು ‘ಬಿಳಿ ಒಂದು’ ಆರಿಸಿದರೆ ಸಾಕು, ಪಾಠ ಮುಗಿಯುವ ತನಕ ನಾಲ್ಕೂ ತಂತಿ ತಪ್ಪದೆ ಮಿಡಿಯುತ್ತವೆ. ಅದೇ ಆ್ಯಪನ್ನು ಹತ್ತು ಹನ್ನೆರಡು ವರ್ಷ ಹಳೆಯ ಟ್ಯಾಬ್ಲೆಟ್ಟಿನಲ್ಲೂ ಈಚಿನ ಒಳ್ಳೆಯ ಟ್ಯಾಬ್ಲೆಟ್ಟಿನಲ್ಲೂ ಹಾಕಿ ಕೇಳಿ. ಹಳೆಯದರಲ್ಲಿ ತಂಬೂರಿ ಡಬ್ಬದೊಳಗೆ ಸಿಕ್ಕಿಕೊಂಡಂತಿರುತ್ತದೆ. ಹೊಸದರಲ್ಲಿ ಯಾರೋ ಎದುರಿಗೆ ಕೂತು ಮೀಟುತ್ತಿದ್ದಾರೆ ಅನ್ನಿಸುತ್ತದೆ. ಅಚ್ಚರಿಯೆಂದರೆ ಹೊಸದು ಹಳೆಯದಕ್ಕಿಂತ ತೆಳ್ಳಗಿದೆ.

ಸ್ಪೀಕರಿನ ಮೂಲ ತತ್ವ ನೂರು ವರ್ಷಗಳಿಂದ ಬದಲಾಗಿಲ್ಲ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ವಿವರಿಸಿದ ವಿನ್ಯಾಸವೇ ಇವತ್ತಿಗೂ ನಡೆದಿದೆ: ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಪೊರೆ. ವಿದ್ಯುತ್ ಹರಿದಂತೆ ಸುರುಳಿ ಹಿಂದೆ ಮುಂದೆ ಆಡುತ್ತದೆ, ಪೊರೆ ಗಾಳಿಯನ್ನು ತಳ್ಳುತ್ತದೆ. ಎಷ್ಟು ತಳ್ಳಬೇಕು ಎಂಬಲ್ಲಿಂದ ಕಷ್ಟ ಶುರು. ಒತ್ತಡ ಅಷ್ಟೇ ಇರಬೇಕು, ಸ್ವರ ಮಾತ್ರ ಒಂದು ಸ್ಥಾಯಿ ಕೆಳಗಿಳಿಯಬೇಕು ಎಂದರೆ ಪೊರೆ ನಾಲ್ಕು ಪಟ್ಟು ದೂರ ಓಡಾಡಬೇಕು. ಬಿಳಿ ಒಂದರ ಶ್ರುತಿಯಲ್ಲಿ ಗಂಡಸರು ಹಾಡುವಾಗ ತಂಬೂರಿಯ ಅತಿ ಕೆಳಗಿನ ಷಡ್ಜ ಸುಮಾರು 65 ಹರ್ಟ್ಜ್. ಅದಕ್ಕಿಂತ ಮೂರು ಸ್ಥಾಯಿ ಮೇಲಿನ 520 ಹರ್ಟ್ಜ್ ಸ್ವರಕ್ಕೆ ಪೊರೆ ಎಷ್ಟು ಆಡುತ್ತದೋ ಅದರ 64 ಪಟ್ಟು ಈ ಮಂದ್ರಕ್ಕೆ ಆಡಬೇಕು. ಟ್ಯಾಬ್ಲೆಟ್ಟಿನ ಪುಟ್ಟ ಪೊರೆಗೆ ಅಷ್ಟು ಜಾಗ ಎಲ್ಲಿದೆ?

ಪೊರೆಯ ಬೆನ್ನ ಹಿಂದೆ ಇನ್ನೊಂದು ತೊಡಕು ಕಾದಿರುತ್ತದೆ. ಹಿಂಬದಿಯನ್ನು ತೆರೆದಿಟ್ಟರೆ, ಮುಂದೆ ಹುಟ್ಟಿದ ಅಲೆಯನ್ನು ಹಿಂದೆ ಹುಟ್ಟಿದ ಅಲೆ ಸುತ್ತಿ ಬಂದು ಅಳಿಸಿಬಿಡುತ್ತದೆ. ಮುಚ್ಚಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಎದುರೊತ್ತುತ್ತದೆ. ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿದವರಿಗೆ ಇದು ಅನುಭವದ ಮಾತು: ಒಳಗಿನ ಜಾಗ ಕಿರಿದಾದಷ್ಟೂ ಒತ್ತುವುದು ಕಷ್ಟ. ಟ್ಯಾಬ್ಲೆಟ್ ತೆಳುವಾದಂತೆ ಆ ಗಾಳಿಗೂಡು ಕುಗ್ಗುತ್ತದೆ, ಮೊದಲು ಸಾಯುವುದು ಮಂದ್ರ.

ಐಪ್ಯಾಡಿನ ತಲೆಮಾರುಗಳನ್ನು ಸಾಲಾಗಿಟ್ಟು ನೋಡಿದರೆ ಈ ಗುದ್ದಾಟ ಕಣ್ಣಿಗೆ ಕಾಣುತ್ತದೆ. 2010ರ ಮೊದಲ ಐಪ್ಯಾಡ್ 13.4 ಮಿಲಿಮೀಟರ್ ದಪ್ಪವಿದ್ದೂ ಕೇಳಿಸುತ್ತಿದ್ದದ್ದು ಒಂದೇ ಚಾನೆಲಿನ ಧ್ವನಿ. ಮರುವರ್ಷ ಬಂದ ಐಪ್ಯಾಡ್ 2ರ ದಪ್ಪ 8.8ಕ್ಕೆ ಇಳಿಯಿತು, ಸ್ಪೀಕರ್ ಬೆನ್ನಿಗೆ ಹೋಯಿತು. ಹಾಡು ಕೇಳುವವರ ಕಡೆ ಬರುವ ಬದಲು ಎದುರಿನ ಗೋಡೆಯ ಕಡೆ ಹೊರಟಿತು. 2012ರ ಐಪ್ಯಾಡ್ ಮಿನಿಯಲ್ಲಿ ಎರಡು ಸ್ಪೀಕರ್ ಬಂದವು ನಿಜ, ಆದರೆ ಎರಡೂ ಕೆಳಗಿನ ಒಂದೇ ಅಂಚಿನಲ್ಲಿ. ಸಿನಿಮಾ ನೋಡಲು ಅಡ್ಡ ತಿರುಗಿಸಿದರೆ ಎಡ, ಬಲ ಎರಡೂ ಒಂದೇ ಕಿವಿಯ ಪಾಲು. ಅದೇ ವರ್ಷ ಗೂಗಲ್ಲಿನ ನೆಕ್ಸಸ್ 10 ಪರದೆಯ ಎರಡು ಪಕ್ಕದಲ್ಲಿ ಮುಖಕ್ಕೆ ನೇರ ಸ್ಪೀಕರ್ ಇಟ್ಟು ಸರಿದಾರಿ ತೋರಿಸಿತ್ತು. 2014ರ ಐಪ್ಯಾಡ್ ಏರ್ 2 ತೀರಾ ತೆಳುವಾಯಿತು, 6.1 ಮಿಲಿಮೀಟರ್. ಹಾಡು ಜೋರಾದರೆ ಅದರ ಬೆನ್ನೇ ಅದುರುತ್ತಿತ್ತು. ಗಾಳಿಗೆ ಹೋಗಬೇಕಾದ ಶಕ್ತಿ ಹಿಡಿದವರ ಬೆರಳಿಗೆ ಹೋಗುತ್ತಿತ್ತು.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು ಬಂದದ್ದು 2015ರ ಕೊನೆಯಲ್ಲಿ, ದೊಡ್ಡ ಐಪ್ಯಾಡ್ ಪ್ರೊ ಜೊತೆ. ದಪ್ಪ ಏರ್ 2ಕ್ಕಿಂತ ಒಂದು ಮಿಲಿಮೀಟರಿಗೂ ಕಡಿಮೆ ಹೆಚ್ಚು, ಅಷ್ಟರಲ್ಲೇ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್. ಒಂದೊಂದಕ್ಕೂ ಅಲ್ಯೂಮಿನಿಯಂ ಒಡಲಿನಲ್ಲೇ ಗಾಳಿಗೂಡು ಕೊರೆದು ಮೇಲೆ ಕಾರ್ಬನ್ ಫೈಬರಿನ ಮುಚ್ಚಳ ಹಾಕಿದರು, ಗೂಡು ತಾನೇ ಅದುರದಿರಲೆಂದು. ಟ್ಯಾಬ್ಲೆಟ್ಟಿನ ಒಡಲಲ್ಲಿ ಕೂದಲೆಳೆ ಜಾಗಕ್ಕೂ ಬ್ಯಾಟರಿಯ ಪೈಪೋಟಿ ಇರುತ್ತದೆ. ಅಲ್ಲಿ ಬರೀ ಗಾಳಿಗೆಂದು ಇಷ್ಟು ಜಾಗ ಬಿಟ್ಟದ್ದು ಧೈರ್ಯದ ತೀರ್ಮಾನ. ಕೆಳಸ್ವರಗಳನ್ನು ನಾಲ್ಕೂ ಸೇರಿ ಹೊರುತ್ತವೆ. ಮೇಲುಸ್ವರ ಹೇಗೆ ಹಿಡಿದರೂ ಮೇಲಿರುವ ಎರಡರಿಂದ ಬರುತ್ತದೆ, ಎಡ ಎಡಕ್ಕೇ ಉಳಿಯುತ್ತದೆ. 2017ರಲ್ಲಿ ಸ್ಯಾಮ್ಸಂಗಿನ ಟ್ಯಾಬ್ ಎಸ್3 ಕೂಡ ನಾಲ್ಕು ಸ್ಪೀಕರ್ ಹೊತ್ತು ಬಂತು. ಈಗ 2024ರ 13 ಇಂಚಿನ ಐಪ್ಯಾಡ್ ಪ್ರೊ 5.1 ಮಿಲಿಮೀಟರಿಗೆ ಇಳಿದರೂ ನಾಲ್ಕನ್ನು ಬಿಟ್ಟುಕೊಟ್ಟಿಲ್ಲ. ಮಕ್ಕಳ ಕೈಗೆ ಹೆಚ್ಚಾಗಿ ಬರುವ ಅಗ್ಗದ ಐಪ್ಯಾಡಿನಲ್ಲಿ ಮಾತ್ರ ಎರಡೂ ಸ್ಪೀಕರ್ 2022ರ ತನಕ ಒಂದೇ ಅಂಚಿನಲ್ಲಿ ಉಳಿದವು. ಎದುರುಬದುರು ಇಡಲು ಇಷ್ಟು ವರ್ಷ ಕಾಯಿಸಬೇಕಿರಲಿಲ್ಲ.

ಸ್ಪೀಕರನ್ನು ನಡೆಸುವ ಚಿಪ್ಪೂ ಜಾಣವಾಗಿದೆ. ಸುರುಳಿಯ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಅಳೆದು, ಅದೆಷ್ಟು ಬಿಸಿಯಾಗಿದೆ, ಪೊರೆ ಎಷ್ಟು ದೂರ ಹೋಗಿದೆ ಎಂದು ಲೆಕ್ಕ ಹಾಕಿ, ಹರಿಯುವ ಅಂಚಿನ ತನಕ ದುಡಿಸಿ ಅಲ್ಲಿ ತಡೆಯುತ್ತದೆ. ಹಿಂದೆ ಭಯಕ್ಕೆ ಮೊದಲೇ ದನಿ ತಗ್ಗಿಸಿಡಬೇಕಿತ್ತು.

ಇಷ್ಟಾದರೂ 65 ಹರ್ಟ್ಜ್ ಈ ಹಲಗೆಯಿಂದ ಹೆಚ್ಚುಕಡಿಮೆ ಹೊರಡುವುದೇ ಇಲ್ಲ. ಮತ್ತೆ ಮಂದ್ರ ಷಡ್ಜ ಕೇಳಿದ್ದು ಹೇಗೆ? ಉತ್ತರದ ಅರ್ಧ ಭಾಗ ತಂಬೂರಿಯಲ್ಲೇ ಇದೆ. ಅದರ ಕುದುರೆಯ ಮೈ ಬಾಗಿರುವುದರಿಂದ, ತಂತಿಗೂ ಕುದುರೆಗೂ ನಡುವೆ ಜೀವಾಳಿಯ ನೂಲು ಇರುವುದರಿಂದ ಮೇಲ್ಸ್ವರಗಳು ಎದ್ದೆದ್ದು ಬರುತ್ತವೆ. ಮೀಟಿದ ಜಾಗದ ಕಾರಣಕ್ಕೆ ಹುಟ್ಟಲೇಬಾರದಾದ ಮೇಲ್ಸ್ವರಗಳೂ ಅಲ್ಲಿ ಮೊಳಗುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ತೋರಿಸಿದ್ದರು. ಉಳಿದರ್ಧ ನಮ್ಮ ಮಿದುಳಿನದು. ಕಿವಿಗೆ 130, 195, 260, 325 ಹರ್ಟ್ಜ್ ಬಿದ್ದರೆ ಅವುಗಳ ನಡುವಿನ ಸಮಾನ ಅಂತರವನ್ನು ಹಿಡಿದು, ಇವೆಲ್ಲದರ ತಾಯಿ 65 ಎಂದು ಅದು ತಾನೇ ಕಂಡುಕೊಳ್ಳುತ್ತದೆ. ಇಲ್ಲದ ಸ್ವರ ಇದ್ದಂತೆಯೇ ಕೇಳುತ್ತದೆ. ಆ 130, 195ಗಳು ಕೂಡ ಹಳೆಯ ಟ್ಯಾಬ್ಲೆಟ್ಟಿನಲ್ಲಿ ಕ್ಷೀಣ, ಹೊಸದರಲ್ಲಿ ಸ್ಪಷ್ಟ. ನಾವು ಕೇಳುವ ವ್ಯತ್ಯಾಸದ ಬಹುಪಾಲು ಇಲ್ಲಿದೆ.

ಟ್ಯಾಬ್ಲೆಟ್ ಕೊಳ್ಳುವವರಿಗೆ ನನ್ನ ಮಾತು ಇಷ್ಟು. ಡಬ್ಬದ ಮೇಲೆ ಅಚ್ಚಾದ ಬ್ರ್ಯಾಂಡಿನ ಹೆಸರಿಗಿಂತ ಮೊದಲು ಸ್ಪೀಕರಿನ ತೂತುಗಳು ಎಲ್ಲೆಲ್ಲಿವೆ ನೋಡಿ; ಅಡ್ಡ ಹಿಡಿದಾಗ ಎರಡೂ ಪಕ್ಕದಲ್ಲಿರಲಿ, ನಿಮ್ಮ ಅಂಗೈ ಅವನ್ನು ಮುಚ್ಚದಿರಲಿ. ಅಂಗಡಿಯಲ್ಲಿ ಅಬ್ಬರದ ಹಾಡು ಬೇಡ, ತಂಬೂರಿಯನ್ನೋ ಒಬ್ಬ ಗಂಡಸಿನ ಮಾತನ್ನೋ ಹಾಕಿಸಿ ಎರಡು ನಿಮಿಷ ಕೇಳಿ.