ಗಾಯಕ್ಕೆ ತೇವದ ಹೊದಿಕೆ

ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಬೇಸಿಗೆಯನ್ನು ಬಲ್ಲವರಿಗೆ ಮಧ್ಯಾಹ್ನದ ಕಲ್ಲುಹಾಸು ಎಷ್ಟು ಕಾಯುತ್ತದೆಂದು ಹೇಳಬೇಕಾಗಿಲ್ಲ. ಆ ಭಾಗದ ಹಿರಿಯ ಭಕ್ತರೊಬ್ಬರು ಜಾತ್ರೆಯ ದಿನ ಬರಿಗಾಲಲ್ಲಿ ನಡೆದು ದರ್ಶನ ಮುಗಿಸಿ ಮನೆಗೆ ಹಿಂದಿರುಗಿದರು. ಅಂಗಾಲಿನಲ್ಲಿ ಬೊಬ್ಬೆ ಎದ್ದು ಒಡೆದಿರುವುದು ತಿಳಿದದ್ದು ಮರುದಿನ, ಅದೂ ಸೊಸೆ ನೆಲದ ಮೇಲಿನ ಕಲೆಯನ್ನು ಕಂಡು ಹೇಳಿದಾಗ. ಬಹುಕಾಲದ ಸಕ್ಕರೆ ಕಾಯಿಲೆ ಅವರ ಪಾದದ ಸ್ಪರ್ಶಜ್ಞಾನವನ್ನೇ ಕಸಿದಿತ್ತು. ಮೊದಲು ಅರಿಶಿನ, ಆಮೇಲೆ ಕಾಫಿಪುಡಿ, ಕೊನೆಗೆ ಭಕ್ತಿಯಿಂದ ವಿಭೂತಿ ಹಚ್ಚಿದರು. ಮೂರು ವಾರ ಕಳೆದರೂ ಗಾಯ ಮಾಯಲಿಲ್ಲ. ವಿಭೂತಿಯ ಸ್ಥಾನ ಹಣೆ; ತೆರೆದ ಗಾಯವಲ್ಲ ಎಂದು ನಾವು ಅವರಿಗೆ ಹೇಳಬೇಕಾಯಿತು.

'ಗಾಯ ಒಣಗಬೇಕು' ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಚರ್ಮದ ಮೇಲಿನ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ತೆಳುವಾದ ಪಾಲಿಥೀನ್ ಹಾಳೆಯಿಂದ ಮುಚ್ಚಿ ನೋಡಿದರು. ಮುಚ್ಚಿ ತೇವವಾಗಿಟ್ಟ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. ಗಾಯದ ಅಂಚಿನಿಂದ ಹೊಸ ಜೀವಕೋಶಗಳು ಒಳಕ್ಕೆ ಸರಿದು ಬರುತ್ತವೆ. ಮೇಲೆ ಗಟ್ಟಿ ಹಕ್ಕಳೆ ಕಟ್ಟಿದ್ದರೆ ಅವು ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕು. ತೇವವಿದ್ದರೆ ನೇರವಾಗಿ ಸಾಗುತ್ತವೆ.

ಈ ತೇವವನ್ನು ಹದವಾಗಿ ಕಾಯುವುದೇ ಹೈಡ್ರೋಜೆಲ್‌. ಕಾಮಕಸ್ತೂರಿ ಬೀಜವನ್ನು ನೆನೆಸಿದಾಗ ಸುತ್ತ ಮೂಡುವ ಲೋಳೆಯನ್ನು ನೆನೆಯಿರಿ. ಅದರಂತೆಯೇ ಇಲ್ಲಿಯೂ ಪಾಲಿಮರ್ ಎಳೆಗಳ ಜಾಲವು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ತೂಕದ ಬಹುಪಾಲು ನೀರೇ. ಒಣಗಿದ ಗಾಯಕ್ಕೆ ಅದು ನೀರನ್ನು ಕೊಡುತ್ತದೆ, ಸತ್ತ ಪದರವನ್ನು ಮೆದುವಾಗಿಸುತ್ತದೆ, ಉರಿಯನ್ನು ತಣಿಸುತ್ತದೆ. ಬೆಳ್ಳಿಯಂಥ ಕ್ರಿಮಿನಾಶಕವನ್ನು ಸೇರಿಸಿದ್ದರೆ ಜಾಲದಿಂದ ಮೆಲ್ಲಮೆಲ್ಲನೆ ಅದು ಗಾಯಕ್ಕೆ ಇಳಿಯುತ್ತದೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರವು ಗಾಮಾ ವಿಕಿರಣದಿಂದ ಇಂಥ ಹಾಳೆಗಳನ್ನು ತಯಾರಿಸುವ ವಿಧಾನವನ್ನು ರೂಪಿಸಿದೆ. ಎಳೆಗಳನ್ನು ಹೆಣೆಯುವುದೂ ಕ್ರಿಮಿಗಳನ್ನು ಕೊಲ್ಲುವುದೂ ಒಂದೇ ವಿಕಿರಣದ ಕೆಲಸ.

ಆದರೆ ಇದು ಎಲ್ಲ ಗಾಯಕ್ಕೂ ಸಲ್ಲದು. ಕೀವು, ನೀರು ಹೇರಳವಾಗಿ ಸೋರುವ ಗಾಯಕ್ಕೆ ಜೆಲ್ ಹಚ್ಚಿದರೆ ಸುತ್ತಲ ಚರ್ಮ ನೆನೆದು ಬೆಳ್ಳಗಾಗಿ ಕೆಡುತ್ತದೆ. ರಕ್ತಸಂಚಾರ ನಿಂತು ಕಪ್ಪಾಗಿ ಒಣಗಿದ ಬೆರಳನ್ನು ಒದ್ದೆ ಮಾಡಿದರೆ ಸೋಂಕು ಹರಡಿ ಕಾಲಿಗೇ ಕುತ್ತು ಬರಬಹುದು. ಆದ್ದರಿಂದ ಅಂಗಡಿಯಿಂದ ಟ್ಯೂಬು ತಂದು ತಾವೇ ಹಚ್ಚಿಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ. ಸುತ್ತ ಕೆಂಪು ಹರಡಿದರೆ, ದುರ್ವಾಸನೆ ಬಂದರೆ, ಜ್ವರವಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಾಗಲಿ, ಟಮಕದ ಜಾಲಪ್ಪ ಆಸ್ಪತ್ರೆಯಾಗಲಿ ನಿಮಗೆ ದೂರವಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೆ ದುಡಿದ ಹಿರಿಯರಿಗೆ ಇದನ್ನು ಒತ್ತಿ ಹೇಳುತ್ತೇವೆ. ನೋವನ್ನು ನುಂಗಿ ರೂಢಿಯಾದವರು ಅವರು. ಸಕ್ಕರೆ ಕಾಯಿಲೆಯಲ್ಲಿ ನೋವಿಲ್ಲದ ಗಾಯವೇ ಹೆಚ್ಚು ಅಪಾಯಕಾರಿ.

ಆ ಭಕ್ತರ ಗಾಯವನ್ನು ವೈದ್ಯರು ಮೊದಲು ತೊಳೆದು, ಸತ್ತ ಚರ್ಮವನ್ನು ತೆಗೆದರು. ಬಳಿಕ ಜೆಲ್ ಹಚ್ಚಿ, ಮೇಲೆ ಶುದ್ಧ ಪಟ್ಟಿ ಕಟ್ಟಿ, ಎರಡು ದಿನಕ್ಕೊಮ್ಮೆ ಬದಲಿಸಿದರು. ಸಕ್ಕರೆಯನ್ನು ಹತೋಟಿಗೆ ತಂದು, ಆ ಪಾದದ ಮೇಲೆ ಭಾರ ಬೀಳದ ಪಾದರಕ್ಷೆಯನ್ನು ಕೊಟ್ಟರು. ಇವೆರಡೂ ಇಲ್ಲದಿದ್ದರೆ ಜೆಲ್‌ನಿಂದ ಏನೂ ಆಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ಗಾಯ ಮುಚ್ಚಿತು. ಈಗ ಅವರು ಬಿಸಿಲೇರುವ ಮೊದಲೇ ಬಂದು ಹೋಗುತ್ತಾರೆ. ಅಂಗಳದಲ್ಲಿ ನಾರಿನ ಹಾಸನ್ನೂ ಹಾಸಿಸಿದ್ದೇವೆ.