ಗ್ವಾಡಿಗೊಂದು ಕೌದಿ

ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು ಒಂಬತ್ತು ತಾಸೂ ಇರುವುದಿಲ್ಲ. ಸಂಜೆ ಐದಕ್ಕೆ ಮೊದಲೇ ಹೊತ್ತು ಮುಳುಗಿರುತ್ತದೆ. ನವೆಂಬರಿನಲ್ಲಿ ಬೋಳಾದ ಮರಗಳು ಏಪ್ರಿಲ್ ಮುಗಿಯುವವರೆಗೂ ಹಾಗೇ ನಿಂತಿರುತ್ತವೆ. ಹೊರಗೆ ಹಿಮದ ಬಿಳುಪು, ಒಳಗೆ ಬಾಡಿಗೆ ಮನೆಯ ಗೋಡೆಗಳ ಬಿಳುಪು. ಧಾರವಾಡದಲ್ಲಿ ಬೆಳೆದ ನನ್ನ ಕಣ್ಣಿಗೆ ಚಳಿಗಿಂತ ಈ ಬಣ್ಣಗೇಡೇ ಹೆಚ್ಚು ಕಾಡುತ್ತದೆ. ಅದಕ್ಕೇ ಗೋಡೆಗೊಂದು ಕ್ವಿಲ್ಟ್ ಹೊಲಿಯಲು ಕೂತೆ. ಫೋನಿನಲ್ಲಿ ಹೇಳಿದರೆ ಅವ್ವ, “ಗ್ವಾಡಿಗ್ಯಾಕ ಕೌದಿ? ಅದಕ್ಕೂ ಥಂಡಿ ಹತ್ತೇತೇನ ಯವ್ವಾ?” ಎಂದಳು.

ಅವ್ವ ಕೇಳಿದ್ದು ಸರಿಯೇ. ಅಮೆರಿಕದಲ್ಲೂ ಕ್ವಿಲ್ಟ್ ಬಹುಕಾಲ ಹಾಸಿಗೆಯ ಮೇಲಿನ ವಸ್ತುವೇ ಆಗಿತ್ತು. 1971ರಲ್ಲಿ ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವಾನ್ ಡರ್ ಹೂಫ್ ತಾವು ಕೂಡಿಹಾಕಿದ್ದ ಹಳೆಯ ಕ್ವಿಲ್ಟ್‌ಗಳನ್ನು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಚಿತ್ರಕಲೆಯಂತೆ ಗೋಡೆಗೆ ತೂಗುಹಾಕಿದರು. ಹೆಂಗಸರು ಮನೆಯಲ್ಲಿ ಕೂತು ಹೊಲಿದ ಹೊದಿಕೆಗಳ ಮುಂದೆ ಜನ ನಿಂತು ನೋಡಿದರು. ಆ ಹೊದಿಕೆಗಳು ಈಗ ನೆಬ್ರಾಸ್ಕದ ಲಿಂಕನ್ ನಗರದ ಕ್ವಿಲ್ಟ್ ಮ್ಯೂಸಿಯಂನಲ್ಲಿವೆ.

ನನ್ನ ಬಟ್ಟೆ ಉಡಿಯಿಂದ ಬಂದದ್ದು. ಊರಿಗೆ ಹೋದಾಗಲೆಲ್ಲ ಅತ್ತಿಗೆ, ಚಿಗವ್ವ, ಓಣಿಯ ಹಿರಿಯರು ಉಡಿ ತುಂಬಿ ಕಳಿಸಿದ ಗುಳೇದಗುಡ್ಡದ ಖಣಗಳು ಪೆಟ್ಟಿಗೆಯಲ್ಲಿ ಹಾಗೇ ಇದ್ದವು. ಕುಂಕುಮಗೆಂಪು, ಗಿಳಿಹಸಿರು, ಕಡುನೀಲಿ, ಮೈತುಂಬ ಸಣ್ಣ ನೇಯ್ಗೆಯ ಬುಟ್ಟಾ. ಕುಪ್ಪಸ ಹೊಲಿಸಿ ತೊಡುವ ಸಂದರ್ಭ ಇಲ್ಲಿ ಕಡಿಮೆ. ಆದರೆ ಖಣ ಕತ್ತರಿಸಿದೊಡನೆ ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ. ಇಸ್ತ್ರಿ ಹಾಕಿದರೆ ಅಂಟಿಕೊಳ್ಳುವ ತೆಳು ಬಟ್ಟೆಯನ್ನು ಹಿಂಬದಿಗೆ ಹಚ್ಚಿಯೇ ಕತ್ತರಿಸಬೇಕು. ಇಸ್ತ್ರಿ ಬಹಳ ಬಿಸಿ ಇರಬಾರದು.

ವಿನ್ಯಾಸಕ್ಕೆ ‘ಲಾಗ್ ಕ್ಯಾಬಿನ್’ ಆರಿಸಿಕೊಂಡೆ. ಮರದ ದಿಮ್ಮಿ ಪೇರಿಸಿ ಮನೆ ಕಟ್ಟುವಂತೆ ನಡುವಿನ ಚೌಕದ ಸುತ್ತ ಪಟ್ಟಿಗಳನ್ನು ಒಂದೊಂದಾಗಿ ಜೋಡಿಸುತ್ತ ಹೋಗುವುದು. ನಡುವಿನ ಕೆಂಪು ಚೌಕವನ್ನು ಇಲ್ಲಿಯವರು ಮನೆಯ ಒಲೆ ಎನ್ನುತ್ತಾರೆ. ಚೌಕವನ್ನು ಎರಡೂವರೆ ಇಂಚಿಗೆ, ಪಟ್ಟಿಗಳನ್ನು ಒಂದೂವರೆ ಇಂಚು ಅಗಲಕ್ಕೆ ಕತ್ತರಿಸಿ, ಹೊಲಿಗೆಗೆ ಕಾಲು ಇಂಚು ಬಿಟ್ಟರೆ ಮೂರು ಸುತ್ತಿಗೆ ಎಂಟು ಇಂಚಿನ ತುಂಡು ಸಿಗುತ್ತದೆ. ಅಂಥವು ಹದಿನಾರು ಸೇರಿದರೆ 32 ಇಂಚಿನ ಚೌಕ. ಸುತ್ತ ಎರಡಿಂಚಿನ ಅಂಚು ಕೊಟ್ಟರೆ ಗಜಕ್ಕೆ ಗಜ. ಕಾಲು ಇಂಚನ್ನು ಮಾತ್ರ ಕೂದಲೆಳೆಯಷ್ಟೂ ಬಿಟ್ಟುಕೊಡಬೇಡಿ. ಒಂದೊಂದು ಹೊಲಿಗೆಯಲ್ಲಿ ಆದ ಚೂರು ವ್ಯತ್ಯಾಸ ಸೇರುತ್ತ ಹೋಗಿ ಕೊನೆಗೆ ತುಂಡುಗಳ ಮೂಲೆಗಳು ಕೂಡುವುದೇ ಇಲ್ಲ.

ಇನ್ನು ಬಣ್ಣದ ಮಾತು. ಗೋಡೆ ಬೆಳಗಲಿ ಎಂದು ಹೊಳೆಯುವ ಬಣ್ಣಗಳನ್ನೇ ತುಂಬಿದರೆ ಒಂದೂ ಎದ್ದು ಕಾಣುವುದಿಲ್ಲ. ಹಳದಿ ಉರಿಯಬೇಕಾದರೆ ಮಗ್ಗುಲಲ್ಲಿ ಕಡುನೀಲಿ ಇರಬೇಕು. ಲಾಗ್ ಕ್ಯಾಬಿನ್ ನಿಂತಿರುವುದೇ ಈ ಲೆಕ್ಕದ ಮೇಲೆ: ಪ್ರತಿ ತುಂಡಿನ ಎರಡು ಮಗ್ಗುಲು ತಿಳಿ, ಇನ್ನೆರಡು ಗಾಢ. ಖಣಗಳೆಲ್ಲ ಗಾಢ ಭಾಗಕ್ಕೆ ಹೋದವು. ತಿಳಿ ಭಾಗಕ್ಕೆ ನಿಂಬೆಹಳದಿ, ಕನಕಾಂಬರ, ಎಳೆಹಸಿರು ಬಣ್ಣದ ಸಾದಾ ಹತ್ತಿ ಬಟ್ಟೆ ಕೊಂಡು ತಂದೆ. ಯಾವುದು ತಿಳಿ, ಯಾವುದು ಗಾಢ ಎಂದು ಅನುಮಾನ ಬಂದರೆ ಬಟ್ಟೆಗಳನ್ನು ಸಾಲಾಗಿ ಹರವಿ ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿ ಕಂಡರೆ ಎರಡೂ ಒಂದೇ ಗುಂಪಿನವು. ಹೊಲಿಯುವ ಮೊದಲು ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ತಿರುಗಿಸಿ ನೋಡುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಅವೇ ಹದಿನಾರು ತುಂಡು ಒಮ್ಮೆ ನೇಗಿಲ ಸಾಲಾಗುತ್ತವೆ, ಇನ್ನೊಮ್ಮೆ ಒಂದರೊಳಗೊಂದು ಕೂತ ವಜ್ರಾಕಾರಗಳಾಗುತ್ತವೆ. ದೂರದಿಂದ ನೋಡುವ ಗೋಡೆಗೆ ವಜ್ರವೇ ಚೆನ್ನ.

ಮೇಲೆ ಜೋಡಿಸಿದ ಬಟ್ಟೆ, ನಡುವೆ ತೆಳ್ಳಗಿನ ಹತ್ತಿಯ ಹಾಸು, ಕೆಳಗೆ ಅಸ್ತರು. ಈ ಮೂರನ್ನೂ ಸೇರಿಸಿ ನಾನು ಹಾಕಿದ್ದು ಕೌದಿಯ ಗೀರು ಹೊಲಿಗೆಯನ್ನೇ, ಕೈಯಿಂದ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಮೂಲೆಯಿಂದ ಶುರುಮಾಡಿ ಅಂಚಿನಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಣ್ಣದ ತುಂಡುಗಳ ‘ಫೂಲ’ ಇಡದೆ ಅವರ ಕೌದಿ ಮುಗಿಯುವುದಿಲ್ಲ. ಇಲ್ಲಿಯವರು ನಡುವಿನಿಂದ ಹೊರಕ್ಕೆ ಹೊಲಿಯುತ್ತಾರೆ, ಒಳಗಿನ ಹಾಸು ನೆರಿಗೆಗಟ್ಟದಿರಲಿ ಎಂದು. ಹೊದೆಯುವ ಕೌದಿಗೆ ನೆರಿಗೆ ಚೆಂದ, ಗೋಡೆಗೆ ಮಟ್ಟಸವಿರಬೇಕು. ಹಾಗಾಗಿ ಹೊಲಿಗೆ ನಮ್ಮದು, ದಾರಿ ಇಲ್ಲಿಯದು. ನಾಲ್ಕು ಮೂಲೆಗೆ ಉಳಿದ ಖಣದ ತ್ರಿಕೋನಗಳನ್ನಿಟ್ಟೆ. ಅದನ್ನು ಸಿದ್ದಿ ಹೆಂಗಸರಿಂದ ಕಲಿತದ್ದೆಂದು ನೋಡಲು ಬಂದವರಿಗೆಲ್ಲ ಹೇಳುತ್ತೇನೆ.

ತೂಗುಹಾಕಲು ಮೊಳೆ ಹೊಡೆಯಬೇಡಿ, ಬಟ್ಟೆ ಜಗ್ಗಿ ಹರಿಯುತ್ತದೆ. ಹಿಂಬದಿಯ ಮೇಲಂಚಿಗೆ ನಾಲ್ಕಿಂಚಿನ ಬಟ್ಟೆಯ ಕೊಳವೆ ಹೊಲಿದು ಕೋಲು ತೂರಿಸಿದರೆ ಭಾರ ಉದ್ದಕ್ಕೂ ಹಂಚಿಕೊಳ್ಳುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ, ಖಣದ ಬಣ್ಣ ಮಾಸುತ್ತದೆ. ಮೇ ತಿಂಗಳಲ್ಲಿ ಕಿಟಕಿಯಾಚೆ ಹಸಿರು ಬಂದೊಡನೆ ನಾನಿದನ್ನು ಇಳಿಸುತ್ತೇನೆ. ಮಡಿಸಿದರೆ ಗೆರೆ ಬೀಳುತ್ತದೆಂದು, ಒಗೆದ ಹಳೆಯ ಹತ್ತಿ ಸೀರೆಯೊಳಗೆ ಸುರುಳಿ ಸುತ್ತಿಡುತ್ತೇನೆ.